ಬೀಸುಕಲ್ಲಿಗೆ ಒಗ್ಗಿದ ಐರಿಶ್ ಹಾಡು

ನಾನು ವಾರವಾರ ಸಾರಾಯಿ ಅಂಗಡಿಗೆ ಹೋಗುತ್ತಿದ್ದದ್ದು ಸಂಗೀತದ ಉದ್ಧಾರಕ್ಕೆಂದರೆ ನನ್ನ ಹೆಂಡತಿಯೇ ನಂಬಲಿಲ್ಲ. ನೀವು ನಂಬುತ್ತೀರೆಂಬ ಭರವಸೆ ನನಗೂ ಇಲ್ಲ. ಪುಣೆಯ ದಂಡುಪ್ರದೇಶವಾದ ಲಷ್ಕರದಲ್ಲಿ ಬಿಳಿಯ ಸಿಪಾಯಿಗಳ ಗೋರಾ ಪಲ್ಟಣಗಳಿದ್ದ ಕಾಲ ಅದು. ಧಾರವಾಡ ಬಿಟ್ಟು ಅಲ್ಲಿ ಕಾರಕೂನನಾಗಿದ್ದ ನನಗೆ ಸಿಕ್ಕ ಸಾಹೇಬರು ಐರ್ಲೆಂಡಿನವರು. ತಮ್ಮ ನಾಡಿನ ಹಳೆಯ ಹಾಡುಗಳನ್ನು ಸಿಪಾಯಿಗಳ ಬಾಯಿಂದ ಕೇಳಿ ಸ್ವರ ಬರೆದಿಡುವುದು ಅವರ ಹುಚ್ಚು.

ಹತ್ತಿರದ ಖಡಕಿಯಲ್ಲಿ ಅವರ ನಾಡಿನವನೇ ಆದ ಮುದುಕ ಪಿಂಚಣಿದಾರ ಸಿಪಾಯಿಯೊಬ್ಬನಿದ್ದ. ಬೇರೆ ಯಾರಿಗೂ ಬಾರದ ಒಂದು ಹಾಡು ಅವನಿಗೆ ಬರುತ್ತಿತ್ತು. ಆದರೆ ಅವನಿಗೆ ಮರೆವು ಹತ್ತಿತ್ತು. ಅವನು ಮರೆತ ದಿನ ಆ ಹಾಡು ಲೋಕದಿಂದಲೇ ಹೋದಂತೆ ಎಂದು ಸಾಹೇಬರಿಗೆ ನಿದ್ದೆ ಬರುತ್ತಿರಲಿಲ್ಲ. ತೊಡಕೆಂದರೆ, ಮುದುಕ ಕುಡಿಯದೆ ಹಾಡುತ್ತಿರಲಿಲ್ಲ; ಅವನೊಬ್ಬನೇ ಕುಡಿಯುವುದು ಸಾಹೇಬರಿಗೆ ಸರಿಕಾಣುತ್ತಿರಲಿಲ್ಲ. ಮರುದಿನ ನೋಡಿದರೆ ಕಾಗದದ ಮೇಲಿನ ಸ್ವರಗಳೆಲ್ಲ ಗೆರೆ ಬಿಟ್ಟು ಹೊರಗೆ ಬಿದ್ದಿರುತ್ತಿದ್ದವು. ಹೀಗಾಗಿ, ಭಜನೆಯಲ್ಲಿ ಹಾಡುವ, ಚಹಾಕ್ಕಿಂತ ಗಟ್ಟಿಯಾದದ್ದನ್ನು ಮುಟ್ಟದ ನನ್ನನ್ನು ಕಿವಿಯ ಕೆಲಸಕ್ಕೆಂದು ಸಾರಾಯಿ ಅಂಗಡಿಗೆ ಒಯ್ದರು.

ನನಗೋ ಹಾಡು ಕೇಳಿದರೆ ಅದಕ್ಕೊಂದು ರಾಗದ ಹೆಸರು ಹಚ್ಚದೆ ಸಮಾಧಾನವಿಲ್ಲ. ಇದು ಭೂಪ ರಾಗದಲ್ಲಿ ನೆಟ್ಟಗೆ ಹೊರಟು, ಅಲ್ಲಿ ಕಾಲಿಡಲೇಬಾರದ ಮಧ್ಯಮ ಸ್ವರವನ್ನು ನಡುವೆ ತುಳಿಯುತ್ತಿತ್ತು. ಕುಡುಕನ ತಪ್ಪೆಂದು ತಿದ್ದಿಕೊಂಡೆ. ತಿದ್ದಿದ್ದೇ ತಡ, ಹಾಡು ಹಾರ ಹಾಕಿಸಿಕೊಂಡ ಅಧಿಕಾರಿಯಂತೆ ಬಿಗಿದುಕೊಂಡಿತು.

ಮನೆಯಲ್ಲಿ ನಾನು ಎರಡೂ ಬಗೆಯಲ್ಲಿ ಗುನುಗುವುದನ್ನು ಕೇಳಿ ಕೇಳಿ, ನನ್ನವಳು ಜೋಳ ಬೀಸುತ್ತ ಅದನ್ನೇ ಹಾಡತೊಡಗಿದ್ದಳು. ಹಿಡಿದದ್ದು ಮಾತ್ರ ನಾನು ತಿದ್ದುವ ಮೊದಲಿನ ಹಾಡನ್ನು. ಸಾಹೇಬರಿಗೆ ಹೇಳಿದೆ. ಮುದುಕನನ್ನೂ ಕರೆದುಕೊಂಡು ಮನೆಗೇ ಬಂದುಬಿಟ್ಟರು. ಪರಗಂಡಸರ ಮುಂದೆ ಹಾಡುವುದುಂಟೇ?

"ಕಲ್ಲು ತಿರಗಲಾರದ ನನಗ ಪದಾ ಬರೂದಿಲ್ರಿ. ಅವರು ಹೊರಗ ಕಟ್ಟೀ ಮ್ಯಾಲ ಕೂಡಲಿ, ನಾ ಒಳಗ ಬೀಸತೀನಿ" ಎಂದಳು.

ಹಾಡು ಪೂರ್ತಿ ಕಾಗದಕ್ಕಿಳಿಯುವಷ್ಟರಲ್ಲಿ ನಮ್ಮ ಜೋಳ ಮುಗಿದು ನೆರೆಮನೆಯವರದೂ ಹಿಟ್ಟಾಯಿತು. ಮುದುಕ ಗೋಡೆಗೆ ಕಿವಿಗೊಟ್ಟು ಕೂತಿದ್ದ. ತನ್ನ ತಾಯಿ ಬೆಣ್ಣೆ ಕಡೆಯುವಾಗ ಇದೇ ಓಟದಲ್ಲಿ ಹಾಡುತ್ತಿದ್ದಳೆಂದೂ, ಸಾರಾಯಿ ಅಂಗಡಿಯಲ್ಲಿ ಎಳೆದೆಳೆದು ಅದನ್ನು ಕೆಡಿಸಿದವನು ತಾನೇ ಎಂದೂ ಹೇಳಿದ. ಒಳಗೆ ಹೋಗಿ ನನ್ನವಳಿಗೆ ಅದನ್ನು ತಿಳಿಸಿದೆ.

ಹಾಡು ಯಾರಿಂದ ಸಿಕ್ಕಿತೆಂದು ಕೆಳಗೆ ಬರೆಯುವುದು ಸಾಹೇಬರ ಪದ್ಧತಿ. ನನ್ನವಳ ಹೆಸರು ಕೇಳಿದರು. ಒಳಗಿನಿಂದ ಉತ್ತರ ಬಂತು:

"ನಂದ್ಯಾಕ ಬೇಕ್ರಿ? ಬೆಣ್ಣಿ ಕಡೀತಿದ್ರಲ್ಲ, ಅವರ ಹೆಸರು ಬರಕೊಳ್ಳಲಿ."

ಇಂಗ್ಲಿಷಿನಲ್ಲಿ ತಿಳಿಸಿದೆ. ಮುದುಕ ಟೊಪ್ಪಿಗೆ ತೆಗೆದು ತಾಯಿಯ ಹೆಸರು ಹೇಳಿದ. ಇಷ್ಟು ವರ್ಷ ಎಲ್ಲರೂ ಹಾಡು ಹೇಳೆಂದು ಗಂಟುಬಿದ್ದಿದ್ದರೇ ಹೊರತು, ಆ ಹೆಸರನ್ನು ಯಾರೂ ಕೇಳಿರಲಿಲ್ಲವಂತೆ.