ಬೆಳ್ಳಿ ಅನ್ನೋ ಕರಿ ಕೋಳಿ

ಇವತ್ತು ಬೆಳಿಗ್ಗೆ ಮಹಡಿಯಿಂದ ಒಣಮೆಣಸಿನಕಾಯಿ ಸುಟ್ಟ ಘಾಟು ಇಳಿದು ಬಂತು. ಕೆಮ್ಮಿ ಕೆಮ್ಮಿ ನನ್ನ ಹಲ್ಲಿನ ಸೆಟ್ಟು ಕಾಫಿ ಲೋಟಕ್ಕೆ ಬಿತ್ತು. ಓನರಮ್ಮನ ಸೊಸೆ ಎರಡನೇ ಕೂಸಿಗೆ ದೃಷ್ಟಿ ತೆಗೀತಿದ್ದಾಳೆ, ಫೋನು ನೋಡ್ಕೊಂಡು. ನಿಜವಾಗಿ ದೃಷ್ಟಿ ಆಗಿದ್ರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರಲ್ಲ ಅಂತಾರೆ, ನಿಮಗೂ ಗೊತ್ತಿರುತ್ತೆ. ಇಷ್ಟು ಘಾಟು ಬಂತು ಅಂದ್ರೆ ಕೂಸಿಗೆ ಏನೂ ಆಗಿಲ್ಲ. ಆಗಿರೋದು ನನಗೆ.

ವಿಜಯನಗರದ ಈ ಬೀದಿಯಲ್ಲಿ ಒಂದು ಕಾಲಕ್ಕೆ ಆ ಕೆಲಸ ನಂದು. ಎದುರಿಗೆ ಬಂದ್ರೆ ಅಜ್ಜಿ ಅನ್ನೋರು, ಬೆನ್ನು ತಿರುಗಿಸಿದ್ರೆ ಮಾಟಗಾತಿ ಅನ್ನೋರು. ನಾನು ಎರಡಕ್ಕೂ ಓ ಅಂತಿದ್ದೆ. ಮಾಟ ಗೀಟ ನನಗೆ ಬರಲ್ಲ. ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ, ಜೊತೆಗೊಂದಿಷ್ಟು ಗೊಣಗಾಟ. ಅದನ್ನ ಜನ ಮಂತ್ರ ಅಂದ್ಕೊಂಡಿದ್ರು. ನಾನು ಸತ್ತುಹೋದ ನಮ್ಮತ್ತೆಯನ್ನ ಬೈತಿದ್ದೆ. ಗುಣ ಆಗ್ತಿತ್ತು.

ಆಮೇಲೆ ಆರ್‌ಪಿಸಿ ಲೇಔಟಿನಲ್ಲಿ ಒಬ್ಬಳು ಗಿಣಿ ಇಟ್ಕೊಂಡು ಕೂತಳು. ನನ್ನ ಗಿರಾಕಿಗಳೆಲ್ಲ ಅತ್ತ ಹರಿದರು. ನನ್ನ ಜೊತೆಗಿದ್ದ ನಾದಿನಿ ಸರೋಜ, ದಿನವಿಡೀ ಸೀರಿಯಲ್ ನೋಡೋಳು, ಕಾರಣ ಕಂಡುಹಿಡಿದಳು. "ಅತ್ತಿಗೆ, ನಿಮ್ಮತ್ರ ಪ್ರಾಣಿ ಇಲ್ಲ. ಮಂತ್ರ ಮಾಡೋರ ಪಕ್ಕ ಒಂದು ಪ್ರಾಣಿ ಇರ್ಲೇಬೇಕು. ಇಲ್ದಿದ್ರೆ ಸುಮ್ನೆ ಯಾರೋ ಮುದುಕಿ ಕೂತಂಗಿರುತ್ತೆ."

ಸರಿ, ಮೊದಲು ಕರಿ ಬೆಕ್ಕು ತಂದೆವು. ನೋಡೋಕೆ ಭಯ ಆಗೋ ಹಾಗಿತ್ತು. ಆದ್ರೆ ಗಿರಾಕಿ ಗೇಟು ತೆಗೆಯೋದು, ಬೆಕ್ಕು ಅಡ್ಡ ಹೋಗೋದು, ಗಿರಾಕಿ ಥೂ ಅಂತ ಉಗಿದು ಮನೆಗೆ ವಾಪಸ್ ಹೋಗೋದು. ಉಳಿದಿದ್ದ ನಾಲ್ಕು ಜನವೂ ಹಾಗೇ ಹೋದರು. ಬೆಕ್ಕನ್ನ ಮೀನಂಗಡಿಯವನಿಗೆ ಕೊಟ್ಟೆ.

ಆಮೇಲೆ ಕಾಗೆ. ಕಿಟಕಿಗೆ ಬರೋದನ್ನೇ ಅನ್ನ ಹಾಕಿ ಪಳಗಿಸ್ತಿದ್ದೆ. ಒಂದಿನ ಅದು ಸರೋಜನ ನೆತ್ತಿಗೆ ಕುಕ್ಕಿತು. ಕಾಗೆ ತಲೆ ಮುಟ್ಟಿದ್ರೆ ಸಾವು; ಸತ್ತಳು ಅಂತ ಸುಳ್ಳು ಸುದ್ದಿ ಕಳಿಸಿ ನೆಂಟರನ್ನ ಅಳಿಸಿದ್ರೆ ದೋಷ ಕಳೆಯುತ್ತೆ. ಕೆಂಗೇರಿಯಲ್ಲಿರೋ ಅವಳ ತಂಗಿಗೆ ಫೋನು ಹಚ್ಚಿ, "ಸರೋಜ ಹೋಗ್ಬಿಟ್ಳು ಕಣೇ" ಅಂದೆ. ಸರೋಜ ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿದ್ದಳು. ಆ ಕಡೆ ಅವಳು ಟಿವಿ ಆಫ್ ಮಾಡಿದ್ದು ಕೇಳಿಸ್ತು. ಆಮೇಲೆ, "ಅಯ್ಯೋ... ಅವಳ ಮಿಕ್ಸಿ ನಂಗೆ ಇಟ್ಟಿರಿ." ಅಕ್ಕತಂಗಿ ಮಾತು ಅವತ್ತಿಗೆ ಬಿಟ್ಟುಹೋಯ್ತು. ಕಾಗೆಗೆ ಪೊರಕೆ ಸೇವೆ ಆಯ್ತು.

ಕೊನೆಗೆ ಮಾಗಡಿ ರೋಡಿನ ಕೋಳಿ ಅಂಗಡಿಯಿಂದ ಒಂದು ಕರಿ ಹೇಂಟೆ ತಂದೆ. ಕರಿ ಅಂತ ಕೂಗಿದ್ರೆ ಅದಕ್ಕೇ ದೃಷ್ಟಿಯಾಗುತ್ತೆ ಅಂತ ಸರೋಜ ಬೆಳ್ಳಿ ಅಂತ ಹೆಸರಿಟ್ಟಳು. ಪಾಠ ಒಂದೇ: ನನ್ನ ಹಿಂಬದಿ ಬಿಡಬಾರದು. ಸ್ಟೀಲ್ ತಟ್ಟೆಗೆ ಸೌಟಿನಲ್ಲಿ ಟಣ್ ಟಣ್ ಅಂತ ಬಡಿಯೋದು, ನೆನೆಸಿದ ನುಚ್ಚು ಹಾಕೋದು. ಕೋಳಿಗೆ ಬುದ್ಧಿ ಇಲ್ಲ ಅಂತಾರೆ. ಅನ್ನೋರು ಸಾಕಿರಲ್ಲ. ಎರಡು ವಾರದಲ್ಲಿ ತಟ್ಟೆಯೂ ಬೇಡವಾಯ್ತು. ನಾನು ಬಚ್ಚಲಿಗೆ ಹೋದ್ರೂ ಬಾಗಿಲಲ್ಲಿ ಕಾಯ್ತಿತ್ತು.

ಅಷ್ಟರಲ್ಲಿ ಓನರಮ್ಮನ ಮಗ ಕೆಳಗಿನ ಮನೆ ಖಾಲಿ ಮಾಡಿಸಿ ಪಿಜಿ ಮಾಡ್ತೀನಿ ಅಂತ ಹಟ ಹಿಡಿದ. ಆ ಪಿಜಿಯಲ್ಲಿ ನನಗಂತೂ ಜಾಗ ಇರಲಿಲ್ಲ. ಅದೇ ಹೊತ್ತಿಗೆ ಅವನ ಮೊದಲ ಮಗು ಊಟ ಬಿಟ್ಟಿತ್ತು. ಏನು ಕೊಟ್ಟರೂ ಉಗೀತಿತ್ತು. ಡಾಕ್ಟರು ಎಲ್ಲಾ ಸರಿಯಾಗಿದೆ ಅಂದಿದ್ರು. ಓನರಮ್ಮ ಕೆಳಗೆ ಬಂದು ಹೇಳಿದರು, "ಮಗು ನಾಲ್ಕು ತುತ್ತು ತಿನ್ನೋ ಹಾಗೆ ಮಾಡಿ ಅಜ್ಜಿ. ಮನೆ ಖಾಲಿ ಮಾಡ್ಸೋ ಮಾತು ನಾನು ನಿಲ್ಲಿಸ್ತೀನಿ. ಸಣ್ಣಪುಟ್ಟದ್ದು ಬೇಡ, ಕರಿ ಕೋಳಿನೇ ನಿವಾಳಿಸಿ."

ನಿವಾಳಿಸೋದು ಅಂದ್ರೆ ಕೋಳಿಯನ್ನ ಮಗುವಿನ ಸುತ್ತ ಮೂರು ಸಲ ಇಳಿ ತೆಗೆದು, ಮೂರು ದಾರಿ ಕೂಡೋ ಕಡೆ ಬಿಟ್ಟು, ಹಿಂದೆ ತಿರುಗಿ ನೋಡದೆ ಬಂದು ಕಾಲು ತೊಳೆಯೋದು. ಬಿಟ್ಟ ಕೋಳಿ ದೃಷ್ಟಿ ಹೊತ್ತು ಹೋಗುತ್ತೆ. ಅಂಗಡಿಯಲ್ಲಿ ಅವತ್ತು ಬರೀ ಬಿಳಿ ಕೋಳಿ. "ಬೆಳ್ಳಿನೇ ಬಿಡ್ತೀರಾ ಅತ್ತಿಗೆ?" ಅಂದಳು ಸರೋಜ. "ಕೋಳಿ ಇನ್ನೊಂದು ಸಿಗುತ್ತೆ, ಮನೆ ಸಿಗಲ್ಲ" ಅಂದೆ.

ಇಳಿ ತೆಗೆದೆ. ಮಗು ಕಿರುಚ್ತಾನೇ ಇತ್ತು. ಬೆಳ್ಳಿಯನ್ನ ಮೂರು ದಾರಿಗೆ ಬಿಟ್ಟು, ಸೆರಗು ಬಿಗಿದು, ಸೀದಾ ಮುಂದೆ ನೋಡ್ಕೊಂಡು ಹೊರಟೆ. ಟೀ ಅಂಗಡಿ ಹುಡುಗರು ಕಿಸಿಕಿಸಿ ನಗೋಕೆ ಶುರು ಮಾಡಿದರು.

"ಅಜ್ಜಿ, ಹಿಂದೆ ನೋಡಿ ಅಜ್ಜಿ!"

"ಹಿಂದೆ ನೋಡಬಾರದು ಕಣೋ, ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

ಊಟ ತಲುಪಿಸೋ ಉತ್ತರ ಕರ್ನಾಟಕದ ಹುಡುಗನೊಬ್ಬ ಗಾಡಿ ನಿಲ್ಲಿಸಿದ. "ಯವ್ವಾ, ನಿನ್ನ ಬೆನ್ನ ಹಿಂದ ಕೋಳಿ ಬರಾಕತ್ತೈತಿ!"

"ಬರ್ಲಿ, ನಿಂಗೇನು?" ಅಂದೆ. ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡೆ. ನನ್ನ ನಿಷ್ಠೆಗೆ ನಾನೇ ಬೀಗ್ತಾ ಗೇಟಿನೊಳಗೆ ಬಂದು, ನಲ್ಲಿ ತಿರುಗಿಸಿ ಬಗ್ಗಿದೆ. ನನ್ನ ಎರಡು ಕಾಲಿನ ಪಕ್ಕ ಇನ್ನೆರಡು ಕಾಲು. ಹಳದಿ.

ಹಿಡಿಯೋಷ್ಟರಲ್ಲಿ ಬೆಳ್ಳಿ ಮೆಟ್ಟಿಲು ಹತ್ತಿತು. ಓನರಮ್ಮ ಎದೆ ಹಿಡ್ಕೊಂಡರು. "ಬಿಟ್ಟು ಬನ್ನಿ ಅಂದ್ರೆ ಕರ್ಕೊಂಡು ಬಂದ್ರಲ್ಲಾ!" ಮಗ, "ನಾಳೆನೇ ಖಾಲಿ ಮಾಡಿ" ಅಂತ ಕೂಗಿದ. ಬೆಳ್ಳಿ ಮಗುವಿನ ಎದುರು ನಿಂತು, ಚೆಲ್ಲಿದ್ದ ರಾಗಿ ಸರಿಯನ್ನ ಕುಕ್ಕಿ ಕುಕ್ಕಿ ತಿಂದಿತು. ಮಗು ಅಳು ನಿಲ್ಲಿಸಿ ಬಾಯಿ ಬಿಟ್ಕೊಂಡು ನೋಡಿತು. ಸೊಸೆ ಆ ಬಾಯಿಗೆ ಒಂದು ಚಮಚ ತುರುಕಿದಳು. ನುಂಗಿತು. ಇನ್ನೊಂದು ಕೊಟ್ಟಳು, ಅದನ್ನೂ ನುಂಗಿತು.

ಎಲ್ಲರೂ ನನ್ನ ಮುಖ ನೋಡಿದರು. "ಇದು ಸಾಧಾರಣ ಕೋಳಿ ಅಲ್ಲ," ಅಂದೆ. "ಕೆಲಸ ಆಯ್ತಾ ಅಂತ ತಾನೇ ಬಂದು ನೋಡ್ಕೊಂಡು ಹೋಗುತ್ತೆ."

ಮನೆ ಉಳೀತು. ಅಲ್ಲಿಂದ ಮುಂದೆ ಊಟದ ಹೊತ್ತಿಗೆ ಮೇಲಿಂದ ಟಣ್ ಟಣ್ ಅಂತ ತಟ್ಟೆ ಸದ್ದು. ಬೆಳ್ಳಿ ನಾನಿಲ್ಲದೆ ಹೋಗಲ್ಲ, ಹಾಗಾಗಿ ನಾನೂ ಏಳಬೇಕು. ಬೇರೆ ಮನೆಯವರೂ ಬಂದು, "ಬೆಳ್ಳಿ ಫ್ರೀ ಇದ್ಯಾ?" ಅಂತ ಕೇಳೋರು. ನಾನು ಫ್ರೀ ಇದೀನಾ ಅಂತ ಒಬ್ಬರೂ ಕೇಳಲಿಲ್ಲ. "ಮಂತ್ರವಾದಿ ಅದು ಅತ್ತಿಗೆ," ಅಂದಳು ಸರೋಜ. "ಪಕ್ಕದಲ್ಲಿರೋ ಪ್ರಾಣಿ ನೀವು."

ಬೆಳ್ಳಿ ವಯಸ್ಸಾಗಿ ಸತ್ತಿತು. ಸಾರು ಮಾಡೋಣ್ವಾ ಅಂದಳು ಸರೋಜ. ಮುದಿ ಕೋಳಿ, ಬೇಯಲ್ಲ ಅಂದೆ. ನುಗ್ಗೆ ಮರದ ಬುಡಕ್ಕೆ ಹಾಕಿದ್ವಿ. ಅಷ್ಟೇ. ಆ ಮಗು ಈಗ ಸ್ಕೂಲಿಗೆ ಹೋಗುತ್ತೆ, ಚಿಕನ್ ಕಬಾಬ್ ಅಂದ್ರೆ ಪ್ರಾಣ.

ಹಲ್ಲು ತೊಳೆದು ಹಾಕ್ಕೊಳ್ತಿದ್ದೆ, ಮೇಲೆ ಯಾರೋ ತಟ್ಟೆ ಬಡಿದರು. ಯಾಕೆ ಏನು ಅಂತ ಯೋಚಿಸೋ ಮೊದಲೇ ನನ್ನ ಕಾಲು ಮೆಟ್ಟಿಲ ಮೇಲಿತ್ತು. ಪಾಠ ಯಾರು ಚೆನ್ನಾಗಿ ಕಲಿತಿದ್ರು ಅಂತ ಆಗ ಗೊತ್ತಾಯ್ತು. ಸೊಸೆ ಕಣ್ಣಲ್ಲಿ ನೀರು, ಘಾಟಿಗೆ. "ನೀವೇ ತೆಗೀರಿ ಅಜ್ಜಿ, ನಂಗೆ ಆಗ್ತಿಲ್ಲ." ಉಪ್ಪು ಇಳಿ ತೆಗೆದು, ಮೂರು ದಾರಿಗೆ ಹೋಗಿ ಚೆಲ್ಲಿದೆ.

ಬರುವಾಗ ತಿರುಗಿ ನೋಡಿದೆ. ನೋಡಬಾರದು, ನೋಡಿದೆ. ಒಂದು ಸ್ಕೂಟರು ಹಾರ್ನ್ ಹೊಡೀತು, ಇನ್ನೇನಿಲ್ಲ. ಒಳಗೆ ಬಂದವಳು ಗೇಟು ಪೂರ್ತಿ ಹಾಕಲಿಲ್ಲ. ಒಂದು ಕೋಳಿ ನುಗ್ಗೋಷ್ಟು ಬಿಟ್ಟು, ಕಾಲು ತೊಳ್ಕೊಂಡೆ.