ದೇವದುರ್ಗಕ್ಕೆ ಹೊತ್ತೊಯ್ದ ಮುಖ

ರಾಯಚೂರಿನಿಂದ ದೇವದುರ್ಗಕ್ಕೆ ಗಬ್ಬೂರಿನ ಮೇಲೆ ನೇರ ಬಸ್ಸಿದೆ. ನಾನು ಮಾತ್ರ ಆ ಶನಿವಾರ ಮೊದಲು ಮಾನ್ವಿಗೆ ಹೋಗಿ, ಅಲ್ಲಿಂದ ಸಿರವಾರ, ಅರಕೇರಾ ಸುತ್ತಿಕೊಂಡು ದೇವದುರ್ಗ ಮುಟ್ಟಬೇಕಿತ್ತು. ಮಾನ್ವಿಯಲ್ಲಿ ನಮ್ಮ ಕಾರ್ಯಕ್ರಮದ ಭಾಷಣಕಾರರಿದ್ದರು. ನಿವೃತ್ತ ಪ್ರಾಧ್ಯಾಪಕರು. ಮೊಣಕಾಲು ನೋವು, ಒಬ್ಬನೇ ಬಸ್ಸು ಹತ್ತಲಾರೆ ಅಂದಿದ್ದರು.

ಕಾರ್ಯಕ್ರಮವೆಂದರೆ ಒಂದು ನುಡಿನಮನ. ಅಮೆರಿಕದ ಕಪ್ಪು ಜನಾಂಗದ ಹಿರಿಯ ಕಾದಂಬರಿಕಾರ್ತಿಯೊಬ್ಬರು ಆ ವಾರ ತೀರಿಕೊಂಡಿದ್ದರು. ನಾನು ಹೈಸ್ಕೂಲಿನ ಹೊಲಿಗೆ ಟೀಚರು. ಆದರೆ ರಾಯಚೂರಿನಲ್ಲಿ ನಮ್ಮದೊಂದು ಹೆಂಗಸರ ಓದುವ ಬಳಗವಿದೆ, ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಗಟ್ಟಿಯಾಗಿ ಓದುತ್ತೇವೆ. ಅವರ ಕಾದಂಬರಿಯೊಂದರ ಕನ್ನಡ ಅನುವಾದವನ್ನು ಒಂದು ಮಳೆಗಾಲ ಪೂರ್ತಿ ಓದಿದ್ದೆವು. ಅಡುಗೆ ಕೆಲಸದ ಹೆಂಗಸೊಬ್ಬಳು, ಗುಲಾಮಳಾಗಿ ಮಾರಾಟವಾಗಿ ಹೋದ ತಂಗಿಯನ್ನು ಹುಡುಕುತ್ತ ಊರೂರು ನಡೆಯುವ ಕತೆ. ಓದುವಾಗ ಎಲ್ಲರೂ ಅತ್ತಿದ್ದೆವು.

ಸಾವಿನ ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಬಂದಾಗ ಒಬ್ಬರ ಹಿಂದೊಬ್ಬರು ಕೈ ಮುಗಿದ ಚಿತ್ರ ಹಾಕಿದರು. ಒಬ್ಬರು ಫೋಟೋ ಕಳಿಸಿದರು, ಅದಕ್ಕೂ ಎಲ್ಲರೂ ಕೈ ಮುಗಿದೆವು. ಸಂಜೆ ಯಾರದೋ ಮಗಳು ನೋಡಿ, ‘ಅದು ಆಕಿ ಅಲ್ಲರೀ, ಯಾವುದೋ ಹಾಡುಗಾರ್ತಿ, ಇನ್ನಾ ಬದುಕ್ಯಾಳ’ ಅಂದಳು. ಕಳಿಸಿದವರು, ‘ಹೌದೇನು? ನಮಗ ಎಲ್ಲಾರೂ ಒಂದ ಥರಾ ಕಾಣ್ತಾರವ್ವ’ ಎಂದು ಬರೆದು ನಗುವಿನ ಚಿತ್ರ ಹಾಕಿದರು. ನಾವೂ ನಕ್ಕೆವು. ಆ ಹಾಡುಗಾರ್ತಿಗೆ ನಾನೂ ಕೈ ಮುಗಿದಿದ್ದೆ.

ನಗದೆ ಇದ್ದವಳು ಸುಜಾತಾ ಒಬ್ಬಳೇ. ಮೊದಲು ನಮ್ಮ ಬಳಗದಲ್ಲಿದ್ದಳು, ಈಗ ದೇವದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಮರುದಿನ ಫೋನು ಮಾಡಿದಳು.

“ಅಕ್ಕಾ, ನುಡಿನಮನ ನಮ್ಮ ಹಾಸ್ಟೆಲ್‌ನಾಗ ಮಾಡೋಣ. ನೀವು ಒಂದು ಫ್ಲೆಕ್ಸ್ ಮಾಡಿಸ್ಕೊಂಡು ಬರ್ರಿ. ಅಕ್ಷರ ಕಡಿಮಿ ಇರ್ಲಿ, ಮಾರಿ ದೊಡ್ಡದಿರ್ಲಿ.”

“ಯಾಕವ್ವ ಅಷ್ಟು ದೊಡ್ಡದು?”

“ಹುಲಿಗೆಮ್ಮ ಅಂತ ಒಂದು ಹುಡುಗಿ ಅದಾಳ, ಪಿಯು ಮೊದಲನೇ ವರ್ಷ. ಓದಿದ್ರ ಕೇಳಬೇಕು ಅನಸ್ತದ, ಅಂಥ ದನಿ. ಆದ್ರ ಸ್ಟೇಜ್ ಹತ್ತಂಗಿಲ್ಲ. ಕಾಲೇಜಿನಾಗ ಹುಡುಗ್ರು ಕರಿ, ಇದ್ದಲಿ ಅಂತ ಕಾಡಸ್ತಾರ. ನಿನ್ನಂಥಾ ಬಣ್ಣದಾಕಿ ಮಾತಾಡಿದ್ರ ಜಗತ್ತೇ ಕುಂತು ಕೇಳ್ತಿತ್ತು, ಬಂದು ನೋಡು ಅಂದೀನಿ. ಹಂಗಾದ್ರ ಆಕಿ ಫೋಟೋ ಮುಂದ ನಿಂತು ಒಂದು ಪುಟ ಓದ್ತೀನಿ ಅಂದಾಳ ಅಕ್ಕಾ. ಮೊದಲನೇ ಸಲ.”

ಆಗಲಿ ಅಂದೆ. ಆ ಮಾತು ಕಿವಿಯಲ್ಲಿಟ್ಟುಕೊಂಡೇ ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರದ ಫ್ಲೆಕ್ಸ್ ಅಂಗಡಿಗೆ ಹೋದೆ. ಅಂಗಡಿಯಾತ ನನ್ನ ಫೋನಿನಿಂದ ಸುಜಾತಾ ಕಳಿಸಿದ್ದ ಸರಿಯಾದ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ.

“ಯಾರ್ರೀ ಇವ್ರು, ನಿಮ್ಮ ಪೈಕೀನಾ?”

“ಅಲ್ಲಪ್ಪ, ಬರಿಯೋರು. ಅಮೆರಿಕಾದವ್ರು.”

“ಮುಖ ಕಾಣವಲ್ದು ಮೇಡಂ. ಸ್ವಲ್ಪ ಲೈಟ್ ಕೊಡ್ಲೇನ್ರೀ?”

“ಕೊಡಪ್ಪ. ಹಿಂದ ಕುಂತವ್ರಿಗೂ ಕಾಣಬೇಕು.”

ಆತ ಮೌಸು ಆಡಿಸುತ್ತಲೇ ಮಾತಾಡಿದ. “ತೀರ್ಕೊಂಡವ್ರ ಫೋಟೋಕ್ಕ ಇದು ಮಾಡ್ಲೇಬೇಕ್ರೀ. ಮಾಡ್ಲಿಲ್ಲಂದ್ರ ಮನಿ ಮಂದಿ ಬಂದು ಜಗಳ ತಗೀತಾರ, ನಮ್ಮಪ್ಪನ್ನ ಕರ್ರಗ ಮಾಡಿದ್ಯಲ್ಲೋ ಅಂತ. ಈಗ ನೋಡ್ರಿ, ಹೆಂಗ ಕಳಾ ಬಂತು!”

ನೋಡಿದೆ. ಬಿಳಿಗೂದಲು, ತುಂಬಿದ ನಗು, ಸುತ್ತಲೂ ಆತನೇ ಹಾಕಿದ ಸೇವಂತಿಗೆ ಹೂವಿನ ಅಂಚು. “ಚಲೋ ಬಂದದ” ಅಂದೆ. ಅವಸರದಲ್ಲಿ ನೋಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೋಡಿದ್ದೆ.

ಮಾನ್ವಿ ಬಸ್ಸಿನಲ್ಲಿ ಸೀಟು ಸಿಕ್ಕಿತು. ಗಂಧದ ಹಾರದ ಚೀಲ ತೊಡೆಯ ಮೇಲೆ, ಸುರುಳಿ ಸುತ್ತಿದ ಫ್ಲೆಕ್ಸು ಕಾಲಿನ ಸಂದಿಯಲ್ಲಿ, ಅದರ ತುದಿ ಹಿಂದಿನ ಸೀಟಿನವರ ಮೂಗಿಗೆ. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟು ಸುರುಳಿಯ ಕಡೆ ನೋಡಿದ.

“ಫ್ರೀ ನಿಮಗ ಯವ್ವಾ, ಇದಕ್ಕಲ್ಲ. ಲಗೇಜ್ ಹಾಕ್ಬೇಕಾಗ್ತದ. ಏನದು?”

“ತೀರ್ಕೊಂಡವ್ರ ಫೋಟೋ ಅಪ್ಪ.”

ಆತ ಕೈ ಹಿಂದೆ ತೆಗೆದ. “ಇರ್ಲಿ ಬಿಡ್ರಿ. ಸತ್ತವ್ರಿಗೆ ಲಗೇಜ್ ಹಾಕಿ ನಾ ಯಾ ನರಕಕ್ಕ ಹೋಗ್ಲಿ?”

ಬಸ್ಸಿನಲ್ಲಿ ಇಬ್ಬರು ಮೂವರು ನಕ್ಕರು. ಹಿಂದಿನವರು ಮೂಗಿನ ಹತ್ತಿರದ ತುದಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಮಾನ್ವಿ ಸಮೀಪಿಸಿದಂತೆ ಕಾಲುವೆ ನೀರಿನ ಗದ್ದೆಗಳು ಬಂದವು. ಮಾರ್ಚ್ ತಿಂಗಳ ಬಿಸಿಲು ಆಗಲೇ ಕಣ್ಣು ಕುಕ್ಕುತ್ತಿತ್ತು, ಆದರೆ ಕಿಟಕಿಯ ಗಾಳಿಗೆ ಹಸಿರು ಬತ್ತದ ವಾಸನೆ ಇತ್ತು.

ಪ್ರಾಧ್ಯಾಪಕರು ಇಸ್ತ್ರಿಯ ಜುಬ್ಬಾ ಹಾಕಿಕೊಂಡು ನಿಲ್ದಾಣದಲ್ಲೇ ಕಾದಿದ್ದರು. ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಕೊಡಿಸಿದರು. ನಾನು ಹಣ ಕೊಡಲು ಹೋದರೆ ಬಿಡಲಿಲ್ಲ. ಆ ದಿನದ ಪತ್ರಿಕೆಯಲ್ಲಿ ಒಳಪುಟದ ಮೂಲೆಗೆ ಸಾವಿನ ಸುದ್ದಿ ನಾಲ್ಕೇ ಸಾಲು ಬಂದಿದ್ದನ್ನು ತೋರಿಸಿ ಬೇಸರಪಟ್ಟರು.

“ಆಕೆ ಕಾದಂಬರಿ ಓದೀರೇನ್ ಸರ್?” ಅಂದೆ.

“ಕನ್ನಡದಾಗ ಬಂದದ್ದು ನೋಡಿಲ್ಲರೀ. ಆದ್ರ ವಿಷಯ ಗೊತ್ತದಲ್ಲ. ಮೈಬಣ್ಣ ನೋಡಿ ಮನುಷ್ಯರನ್ನ ಅಳೆಯೋದು ಅಲ್ಲಿಯ ದೊಡ್ಡ ಪಿಡುಗು. ನಮ್ಮಲ್ಲಿ ಏನೇನೋ ಅದಾವ, ಪುಣ್ಯಕ್ಕ ಅದೊಂದಿಲ್ಲ ನೋಡ್ರಿ.”

ಹೌದು ಸರ್ ಅಂದೆ. ಮಿರ್ಚಿ ಬಿಸಿಯಾಗಿತ್ತು, ರುಚಿಯಾಗಿತ್ತು.

ಸಿರವಾರದಲ್ಲಿ ಬಸ್ಸು ಬದಲಿಸಬೇಕಾಯಿತು. ನೆರಳಿನ ಕಟ್ಟೆಯ ಮೇಲೆ ನನ್ನ ಪಕ್ಕ ಅರಕೇರಾಕ್ಕೆ ಹೋಗುವ ಮುದುಕಿಯೊಬ್ಬಳು ಕೂತಿದ್ದಳು, ಮಡಿಲಲ್ಲಿ ಸಂತೆಯ ಗಂಟು. ಚೀಲದಿಂದ ಇಣುಕುತ್ತಿದ್ದ ಹಾರ ಕಂಡು ನನ್ನ ಕೈ ಹಿಡಿದಳು.

“ಯಾರು ಹೋದ್ರವ್ವ?”

“ಒಬ್ಬ ಹಿರೇರು. ನಮ್ಮೋರಲ್ಲ ಯವ್ವಾ, ಅಮೆರಿಕಾದಾಕಿ. ಕಥಿ ಬರೀತಿದ್ಳು.”

“ಅಷ್ಟು ದೂರದಾಕಿಗೆ ಇಲ್ಲಿ ಹಾರ ಹಾಕ್ತೀರಿ? ಚಲೋ ಹೆಣಮಗಳಿರಬೇಕು. ಏನು ಕಥಿ?”

ಬಸ್ಸು ಬರುವವರೆಗೆ ಹೇಳಿದೆ. ತಂಗಿಯನ್ನು ಹುಡುಕುತ್ತ ಹೊರಟಿದ್ದು, ಊರೂರು ಅಡುಗೆ ಮಾಡಿದ್ದು, ಮಳೆಯಲ್ಲಿ ನೆನೆದದ್ದು. ಮುದುಕಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು.

“ಸಿಕ್ಕಳೇನು ಕಡೀಗೆ?”

“ಸಿಕ್ಕಳು. ಒಂದ ಕಟ್ಟೀ ಮ್ಯಾಲ ಕುಂತಿದ್ರು, ನಮ್ಮಂಗ. ಆದ್ರ ಗುರುತು ಹಿಡೀಲಿಲ್ಲ.”

“ಅಯ್ಯ! ಒಡಹುಟ್ಟಿದಾಕಿ ಮಾರಿ ಗುರುತು ಹತ್ತಲಿಲ್ಲಂದ್ರ ಅದೆಂಥಾ ಕಣ್ಣವ್ವ?”

ಬಸ್ಸಿನಲ್ಲೂ ಆಕೆ ತನ್ನಷ್ಟಕ್ಕೆ ತಲೆ ಆಡಿಸುತ್ತಲೇ ಇದ್ದಳು. ಅರಕೇರಾದ ಕಡೆ ನೆಲ ಒಣಗಿತ್ತು. ಹತ್ತಿ ಬಿಡಿಸಿದ ಹೊಲಗಳಲ್ಲಿ ಬರಿಯ ಕಟ್ಟಿಗೆ ನಿಂತಿತ್ತು, ಗುಳೆ ಹೋದವರ ಮನೆಗಳಿಗೆ ಬೀಗವಿತ್ತು. ಇಳಿಯುವಾಗ ಮುದುಕಿ ಸುರುಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದಳು.

ಹಾಸ್ಟೆಲು ದೇವದುರ್ಗದ ಊರ ಹೊರಗೆ. ಊಟದ ಹಾಲಿನಲ್ಲಿ ತಟ್ಟೆಗಳನ್ನು ಗೋಡೆಗೆ ಒಟ್ಟಿ, ಜಮಖಾನೆ ಹಾಸಿದ್ದರು. ಹುಡುಗಿಯರು ಎಲ್ಲ ಬಂದು ಕೂತಿದ್ದರು. ಸುಜಾತಾ ಒಬ್ಬಳನ್ನು ಕರೆದು, “ಇಕೀನ ಹುಲಿಗೆಮ್ಮ” ಅಂದಳು. ಉದ್ದ ಜಡೆ, ಎಣ್ಣೆ ಹಚ್ಚಿ ಬಾಚಿದ ತಲೆ. ಕೈಯಲ್ಲಿ ಪುಸ್ತಕ, ಓದಬೇಕಾದ ಪುಟದಲ್ಲಿ ನವಿಲುಗರಿ. ಫ್ಲೆಕ್ಸ್ ಕಟ್ಟಲು ಸುತಲಿ ಹಿಡಿದುಕೊಂಡು ತಾನೇ ಕಿಟಕಿ ಹತ್ತಿದಳು. ಮೇಲಿನ ಎರಡು ಮೂಲೆ ಕಟ್ಟಿ, ಸುರುಳಿಯನ್ನು ಕೈಬಿಟ್ಟಳು.

ಅಂಗಡಿಯ ಪರದೆಯಲ್ಲಿ ಅಂಗೈಯಷ್ಟಿದ್ದ ಮುಖ ಇಲ್ಲಿ ಬಾಗಿಲಿನಷ್ಟಾಗಿ ಬಿಚ್ಚಿಕೊಂಡಿತು. ಗೋಧಿ ಬಣ್ಣ. ಕೆನ್ನೆಗೆ ಗುಲಾಬಿ. ಮೂಗಿನ ಎರಡೂ ಬದಿ ಸವರಿ ಸಣ್ಣ ಮಾಡಿದ್ದ. ಬಿಳಿಗೂದಲು ಅವರದೇ, ನಗು ಅವರದೇ, ಮುಖ ಮಾತ್ರ ನಮ್ಮ ಓಣಿಯ ಯಾರೋ ಸ್ಥಿತಿವಂತರ ಮನೆಯ ಅಜ್ಜಿಯದು.

ಹಿಂದಿನಿಂದ ಒಬ್ಬ ಹುಡುಗಿ, “ಲೇ, ನಮ್ಮ ಹೆಡ್ ಮೇಡಂ ಅವ್ವನಂಗ ಅದಾರಲ್ಲೇ!” ಅಂದಳು. ಹಾಲಿನಲ್ಲಿದ್ದವರೆಲ್ಲ ನಕ್ಕರು. ಹುಲಿಗೆಮ್ಮ ಕಿಟಕಿಯಿಂದ ಇಳಿದು, ಹಿಂದೆ ಸರಿದು ನಿಂತು ನೋಡಿದಳು. ಆಮೇಲೆ ಸುಜಾತಾಳನ್ನು ನೋಡಿದಳು.

“ತಗದುಬಿಡೋಣ ಅಕ್ಕಾ” ಎಂದು ಸುಜಾತಾ ಮೆಲ್ಲಗೆ ಅಂದಳು.

ಪ್ರಾಧ್ಯಾಪಕರು ತಡೆದರು. “ಯಾಕ್ರೀ? ಚಂದ ಬಂದದ. ಮುಖದಾಗ ಎಷ್ಟು ತೇಜಸ್ಸದ ನೋಡ್ರಿ. ಬರ್ರಿ, ಹಾರ ಹಾಕೋಣ.” ನನ್ನ ಚೀಲದಿಂದ ಹಾರ ತಾವೇ ತೆಗೆದರು. ನಾನು ಇನ್ನೊಂದು ತುದಿ ಹಿಡಿದು ಏರಿಸಿದೆ.

ಅವರು ಬಹಳ ಹೊತ್ತು ಮಾತಾಡಿದರು. ವಿಶ್ವ ಸಾಹಿತ್ಯಕ್ಕೆ ತುಂಬಲಾರದ ನಷ್ಟ ಅಂದರು, ಚಪ್ಪಾಳೆ ಬಿತ್ತು. ಬಳಿಕ ಸುಜಾತಾ ಹುಲಿಗೆಮ್ಮನ ಹೆಸರು ಕರೆದಳು. ಹುಡುಗಿ ಎದ್ದು ನಿಂತಳು, ಮುಂದೆ ಬರಲಿಲ್ಲ.

“ಮೇಡಂ, ಗಂಟಲು ಕಟ್ಟ್ಯಾದ.”

“ಎರಡು ಸಾಲು ಓದವ್ವ.”

“ಬರವಲ್ದ್ರೀ ದನಿ.”

ಪುಸ್ತಕ ಪಕ್ಕದವಳ ಕೈಗೆ ಹೋಯಿತು. ಆಕೆ ಪಾಠ ಒಪ್ಪಿಸಿದಂತೆ ಸರಸರನೆ ಓದಿ ಕೂತಳು. ಒಂದೇ ಕಟ್ಟೆಯ ಮೇಲೆ ಅಕ್ಕ ತಂಗಿ ಗುರುತಿಲ್ಲದೆ ಕೂತ ಪುಟವೇ ಅದು. ನಾವೆಲ್ಲ ಅತ್ತಿದ್ದ ಪುಟ. ಯಾರೂ ಅಳಲಿಲ್ಲ.

ವಂದನಾರ್ಪಣೆ ನನ್ನದಾಗಿತ್ತು. ಎದ್ದು ನಿಂತೆ. ಮಕ್ಕಳೇ, ಈ ಮುಖ ಇವರದಲ್ಲ, ಇವರು ಕಪ್ಪಗಿದ್ದರು, ಬಣ್ಣ ಬದಲಿಸಲು ಹೂಂ ಅಂದವಳು ನಾನು. ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಪ್ರಾಧ್ಯಾಪಕರಿಗೆ, ಅಡುಗೆಯವರಿಗೆ, ಜಮಖಾನೆ ಕೊಟ್ಟವರಿಗೆ ವಂದಿಸಿ ಕೂತೆ.

ಪ್ರಾಧ್ಯಾಪಕರು ಯಾರದೋ ಕಾರಿನಲ್ಲಿ ಮಾನ್ವಿಗೆ ಹೊರಟರು. ನಾನು ಸುಜಾತಾಳ ಕೋಣೆಯಲ್ಲಿ ಉಳಿದೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಆಕೆಯ ತಾಯಿಯ ಫೋಟೋ; ಕಪ್ಪು ಮುಖ, ಯಾರೂ ಮುಟ್ಟಿ ತಿದ್ದದ ಫೋಟೋ. ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು.

“ಅಕ್ಕಾ, ಅಂಗಡ್ಯಾಗ ನೀವು ನೋಡ್ಲಿಲ್ಲೇನು?”

“ನೋಡೀನವ್ವ.”

“ಮತ್ತ?”

“ಚಲೋ ಕಂಡಿತ್ತು ನನಗ.”

ಸುಜಾತಾ ಇನ್ನೊಂದು ರೊಟ್ಟಿ ಹಾಕಿದಳು. “ಉಣ್ರಿ, ಆರ್ತದ” ಅಂದಳು. ಬೈದಿದ್ದರೆ ತಿನ್ನುವುದು ಸುಲಭವಾಗುತ್ತಿತ್ತು.

ಬೆಳಿಗ್ಗೆ ಫ್ಲೆಕ್ಸನ್ನು ಸುತ್ತಿ ಉಗ್ರಾಣದ ಬಾಗಿಲ ಹಿಂದೆ ಇಟ್ಟು, ಬರಿಗೈಯಲ್ಲಿ ಹೊರಟುಬಿಟ್ಟೆ. ಬಿಸಿಲಿಗೋ ಬಚ್ಚಲಿನ ಮರೆಗೋ ಆದೀತು ಅಂದುಕೊಂಡೆ. ನಿಲ್ದಾಣದಲ್ಲಿ ರಾಯಚೂರು ಬಸ್ಸು ಹತ್ತಬೇಕು ಅನ್ನುವಷ್ಟರಲ್ಲಿ ಹುಲಿಗೆಮ್ಮ ಓಡೋಡುತ್ತ ಬಂದಳು, ಹೆಗಲ ಮೇಲೆ ಸುರುಳಿ.

“ಟೀಚರ್, ಮರ್ತು ಬಿಟ್ಟು ಬಂದೀರಿ!”

ಇಸಿದುಕೊಂಡೆ. ಆಕೆ ಹೋಗಲಿಲ್ಲ.

“ಒಂದು ಕೇಳ್ಲೇನ್ರೀ? ಇದು ಮಾಡಿದ ಅಂಗಡಿ ರಾಯಚೂರಾಗ ಎಲ್ಲಿ ಬರ್ತದ?”

“ಯಾಕವ್ವ?”

“ಪರೀಕ್ಷಾ ಅರ್ಜಿಗೆ ಫೋಟೋ ಬೇಕಾಗ್ಯಾದ. ಇಲ್ಲಿ ತಗಿಸಿದ್ರ ಕರ್ರಗ ಬರ್ತದ, ಹುಡುಗ್ರು ನೋಡಿ ನಗ್ತಾರ. ಅಲ್ಲಿ ನನ್ನದೂ ಹಿಂಗ ಮಾಡ್ತಾರೇನ್ರೀ?”

“ನಿನ್ನ ಮಾರಿ ಹೆಂಗದನೋ ಹಂಗಾ ಚಂದದ ತಾಯಿ. ಯಾಕ ಬದಲಿ ಮಾಡಸ್ಬೇಕು?”

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ ಲೆಕ್ಕವನ್ನು ಟೀಚರಿಗೆ ಕೇಳುವಂತೆ ಕೇಳಿದಳು. ಕಟ್ಟಿದ ಗಂಟಲಲ್ಲ, ಸುಜಾತಾ ಹೇಳಿದ ಅದೇ ದನಿ, ತುಂಬಿದ ದನಿ.

“ಮತ್ತ ಆಕೀದು ಯಾಕ ಮಾಡಿಸಿದ್ರಿ?”

ಕಂಡಕ್ಟರ್ ಸೀಟಿ ಊದಿದ. ನಾನು ಬಸ್ಸು ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದಾಗ ಆಕೆ ಅಲ್ಲೇ ನಿಂತಿದ್ದಳು, ಬಿಸಿಲಿಗೆ ಕೈ ಅಡ್ಡ ಹಿಡಿದು. ಬಸ್ಸು ತಿರುವು ದಾಟಿತು.

ಗಬ್ಬೂರು ಬರುವ ಮೊದಲು ಕಂಡಕ್ಟರ್ ನನ್ನ ಸೀಟಿಗೆ ಬಂದ. ಆಧಾರ್ ಕಾರ್ಡು ತೋರಿಸಿದೆ, ಸೊನ್ನೆಯ ಟಿಕೆಟ್ ಕೊಟ್ಟ. ತೊಡೆಯ ಮೇಲಿನ ಸುರುಳಿ ನೋಡಿ, “ಇದೇನ್ರೀ ಯವ್ವಾ?” ಅಂದ.

ತೀರಿಕೊಂಡವರ ಫೋಟೋ ಅನ್ನಲು ಬಾಯಿ ಬರಲಿಲ್ಲ.

“ಲಗೇಜ್ ಹಾಕಪ್ಪ” ಅಂದೆ.