ಸುತ್ತು ಮುಗಿಯುವ ಜಾಗ

ವೈನಿಯ ಬಲಗೈ ತೋರುಬೆರಳಿನ ಉಗುರು ಉಳಿದ ಉಗುರುಗಳಂತಿರಲಿಲ್ಲ. ಅದರ ತುದಿ ಅರದಿಂದ ಉಜ್ಜಿದ ಹಾಗೆ ನೇರವಾಗಿ ಸವೆದಿತ್ತು. ಅಂಚಿನಲ್ಲಿ ಎಣ್ಣೆಯ ಕಪ್ಪು ಗೆರೆ ಕೂತಿತ್ತು, ಎಷ್ಟು ಸೋಪು ಹಾಕಿದರೂ ಹೋಗದ್ದು. ಯಂತ್ರದಿಂದ ಇಳಿದ ಉಕ್ಕಿನ ಉರುಳೆಯನ್ನು ಅವರು ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಉರುಳೆಯ ಮೈಸುತ್ತ ಬಳುಕಿ ಹೋಗುವ ಜಾಡಿನೊಳಗೆ ಆ ಉಗುರನ್ನು ಇಟ್ಟು ಒಂದು ಸುತ್ತು ಎಳೆಯುತ್ತಿದ್ದರು. ಉಗುರು ಎಲ್ಲಾದರೂ ತಡೆದರೆ ಹುಬ್ಬು ಗಂಟಾಗುತ್ತಿತ್ತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಸುರಪುರದ ಹುಡುಗಿ, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರು. ಯಾದಗಿರಿಯ ಹೊರಗಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಂತ್ರಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದರು. ಅದೇ ವರ್ಕ್‌ಶಾಪಿನಲ್ಲಿ ಆ ಯಂತ್ರವನ್ನು ಓಡಿಸುತ್ತಿದ್ದವನು ಅಣ್ಣ. ಬರೆಯುವವಳು ಹೆಂಡತಿ, ಬರೆದದ್ದರ ಮುಂದೆ ನಿಲ್ಲುವವನು ಗಂಡ. ನಮ್ಮ ಮನೆಯೊಳಗೆ ಭಯ ಬಂದು ಕೂತದ್ದು ಈ ಏರ್ಪಾಟಿನಿಂದ.

ಅಣ್ಣನಿಗೆ ಇದೊಂದು ತಮಾಷೆ. "ಊರಾಗ ಎಲ್ಲಾರ ಹೆಂಡ್ರು ಬಾಯಿಲೆ ಕುಣಸ್ತಾರ. ನನ್ನ ಹೆಂಡ್ತಿ ಬರದು ಕುಣಸ್ತಾಳ," ಎನ್ನುತ್ತಿದ್ದ. ವೈನಿ ನಗುತ್ತಿರಲಿಲ್ಲ.

ಕೆಲಸ ಏನೆಂದು ಹೇಳಬೇಕು. ಶಹಾಪುರದ ಕಡೆಯ ಬೇಳೆ ಗಿರಣಿಗಳಲ್ಲಿ ಪೊಟ್ಟಣ ತುಂಬುವ ಯಂತ್ರಗಳಿವೆ. ಅದರೊಳಗೊಂದು ಉರುಳೆ ತಿರುಗುತ್ತದೆ. ಉರುಳೆಯ ಮೈಮೇಲೆ ಕೊರೆದ ಬಾಗಿದ ಜಾಡಿನಲ್ಲಿ ಒಂದು ಮೊಳೆ ಓಡುತ್ತದೆ, ಮೊಳೆಗೆ ಜೋಡಿಸಿದ ತೋಳು ಹಿಂದೆ ಮುಂದೆ ಹೋಗಿ ಪೊಟ್ಟಣವನ್ನು ನೂಕುತ್ತದೆ. ಜಾಡು ಸವೆದರೆ ಯಂತ್ರ ನಿಲ್ಲುತ್ತದೆ. ಹೊಸ ಉರುಳೆ ಕೊರೆಯುವಾಗ ಈ ವರ್ಕ್‌ಶಾಪಿನ ಯಂತ್ರ ಉರುಳೆಯನ್ನು ನಿಧಾನವಾಗಿ ತಿರುಗಿಸುತ್ತ, ಅದೇ ಹೊತ್ತಿಗೆ ಕೊರೆಯುವ ಟೂಲನ್ನು ಉದ್ದಕ್ಕೆ ಸರಿಸಬೇಕು. ಎಷ್ಟು ತಿರುಗಿದಾಗ ಎಷ್ಟು ಸರಿಯಬೇಕು ಎಂಬುದನ್ನು ಸಾಲು ಸಾಲಾಗಿ ಬರೆದುಕೊಡುವುದು ವೈನಿಯ ಕೆಲಸ.

"ಇದರಾಗ ಅಂಜೂದೇನದ?" ಎಂದು ಒಮ್ಮೆ ಕೇಳಿದ್ದೆ. ಊಟಕ್ಕೆ ಕೂತಿದ್ದೆವು. ಅವರು ಸ್ಟೀಲ್ ಲೋಟವನ್ನು ಎದುರಿಗೆ ಇಟ್ಟುಕೊಂಡು ಅದರ ಸುತ್ತ ಬೆರಳಿನಿಂದ ಅಲೆಯಂಥ ಗೆರೆ ಎಳೆದರು. ಹೊರಟ ಜಾಗಕ್ಕೆ ಬಂದ ಕೂಡಲೇ ಬೆರಳನ್ನು ಮೇಲಕ್ಕೆ ಎತ್ತಿದರು.

"ಇಲ್ಲಿ ನೋಡಪಾ. ಒಂದು ಸುತ್ತ ಮುಗೀತು. ನಿನಗ ಇದು ಹೊಂಟ ಜಾಗಾನ. ಮಷಿನ್ನಿಗಿ ಹಂಗಲ್ಲ. ಅದು ಮುನ್ನೂರಾ ಅರವತ್ತ ಡಿಗ್ರಿ ಬಂದು ನಿಂತದ. ಸೊನ್ನಿಗಿ ಹೋಗು ಅಂದ್ರ ಇಡೀ ಸುತ್ತ ತಿರುಗಾ ಮುರುಗಾ ಓಡಿ ಬರ್ತದ. ಅದೂ ಕುದುರಿ ಓಡಿದಂಗ. ಟೂಲ್ ಮ್ಯಾಲೆ ಎತ್ತಿದ್ರ ಚಿಂತಿಲ್ಲ. ಜಾಡಿನ್ಯಾಗ ಇತ್ತಂದ್ರ ಮುರದು ಸಿಡೀತದ."

"ಸಿಡದ್ರ?"

"ಮುಂದ ಯಾರ ನಿಂತಿರ್ತಾರ?" ಎಂದು ಅಣ್ಣನ ಕಡೆ ನೋಡಿದರು. ಅಣ್ಣ ಪುಂಡಿಪಲ್ಯ ಹಾಕಿಸಿಕೊಳ್ಳುತ್ತಿದ್ದ.

ತರಬೇತಿಯ ದಿನಗಳಲ್ಲಿ, ಬೇರೊಂದು ಊರಿನಲ್ಲಿ, ಅವರು ಅಂಥದೊಂದನ್ನು ಕಂಡಿದ್ದರಂತೆ. ವಿವರ ಹೇಳಲಿಲ್ಲ. "ಬರದಾವ ಮರುದಿನ ಡ್ಯೂಟಿಗಿ ಬಂದಿದ್ದ. ನಿಂತಾವ ಬರ್ಲಿಲ್ಲ," ಎಂದಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಎದ್ದರು.

ನಾನು ಪತ್ರಿಕೆಯ ಜಿಲ್ಲಾ ವರದಿಗಾರ. ಸಂಜೆ ಮನೆಗೆ ಬಂದರೆ ವೈನಿಯದು ಒಂದೇ ಪ್ರಶ್ನೆ: "ಇವತ್ತ ಎಲ್ಯಾರ ಮಷಿನ್ನಾಗ ಯಾರರ ಸಿಕ್ರೇನು?" ಸಿಕ್ಕಿದ್ದರೆ ಅದಕ್ಕೆ ಬೆನ್ನು ಹತ್ತಿ ಬೇರೆ ಪ್ರಶ್ನೆಗಳು. ಹೇಗೆ ಸಿಕ್ಕ? ಬಾಗಿಲು ತೆರೆದಿತ್ತೇ? ಪ್ರೋಗ್ರಾಮ್ ಯಾರದು? ನನ್ನ ಬಳಿ ಇರುತ್ತಿದ್ದದ್ದು ಸತ್ತವನ ಊರು, ವಯಸ್ಸು, ಠಾಣೆ. "ಇಷ್ಟ ಬರಕೊಂಡು ಏನ್ ಮಾಡ್ತೀಯೋ," ಎಂದು ಒಳಗೆ ಹೋಗುತ್ತಿದ್ದರು.

ಆ ಭಯಕ್ಕೆ ಅವರು ಒಂದು ದಾರಿ ಮಾಡಿಕೊಂಡಿದ್ದರು. ಹೊಸ ಪ್ರೋಗ್ರಾಮನ್ನು ಲೋಹದ ಮೇಲೆ ಓಡಿಸುವ ಮೊದಲು ಉರುಳೆಗೆ ಹಳೆಯ ಪತ್ರಿಕೆಯ ಹಾಳೆ ಸುತ್ತಿ, ಟೂಲ್ ಇರಬೇಕಾದಲ್ಲಿ ಸ್ಪ್ರಿಂಗಿಗೆ ಕಟ್ಟಿದ ಬಾಲ್‌ಪೆನ್ ರಿಫಿಲ್ ಸಿಕ್ಕಿಸುವುದು. ಯಂತ್ರ ಕೊರೆಯುವ ಬದಲು ಗೆರೆ ಎಳೆಯುತ್ತದೆ. ಹಾಳೆ ಬಿಚ್ಚಿ ಮೇಜಿನ ಮೇಲೆ ಹಾಸಿ, ಗೆರೆಯ ಎರಡು ತುದಿ ಕೂಡುತ್ತವೆಯೋ ನೋಡಿದ ಮೇಲೆಯೇ ಉಕ್ಕಿಗೆ ಕೈ. ಹಳೆಯ ಪತ್ರಿಕೆಗಳನ್ನು ನಮ್ಮ ಕಚೇರಿಯಿಂದ ಒಯ್ದು ಕೊಡುವವನು ನಾನು. ಆ ಗೆರೆ ಮಂತ್ರಿಗಳ ಮೀಸೆಯ ಮೇಲೆ, ಶ್ರದ್ಧಾಂಜಲಿ ಫೋಟೊಗಳ ಹಣೆಯ ಮೇಲೆ ಹಾಯ್ದು ಹೋಗುತ್ತಿತ್ತು.

ಒಂದು ದಿನ ಹೀಗೆಯೇ ಪತ್ರಿಕೆಗಳ ಕಟ್ಟನ್ನು ವರ್ಕ್‌ಶಾಪಿಗೆ ಒಯ್ದಿದ್ದೆ. ಹಾಗಾಗಿ ಮುಂದಿನದು ಕೇಳಿದ್ದಲ್ಲ, ಕಂಡದ್ದು.

ಶಹಾಪುರದ ಗಿರಣಿಯವರೊಬ್ಬರು ಉರುಳೆ ಮಾಡಿಸಲು ಬಂದು ಕೂತಿದ್ದರು. ಅವರ ಯಂತ್ರ ನಿಂತಿತ್ತು, ತೊಗರಿಯ ಸುಗ್ಗಿ. ಕಾಗದದ ಪರೀಕ್ಷೆ ಮುಗಿದಿತ್ತು, ಗೆರೆ ಸರಿಯಾಗಿ ಕೂಡಿತ್ತು. ಟೂಲ್ ಹಾಕಿ ಉಕ್ಕನ್ನು ಮುಟ್ಟಿಸಿದಾಗ ಅಣ್ಣ ಸದ್ದು ಕೇಳಿ ಕೈ ಎತ್ತಿದ. "ಮಾಲ್ ಭಾಳ ಗಟ್ಟಿ ಅದ. ಒಂದ ಸುತ್ತಿನ್ಯಾಗ ಅಷ್ಟ ಆಳ ಹೋಗಂಗಿಲ್ಲ. ಎರಡ ಮಾಡು."

ವೈನಿ ಕಂಪ್ಯೂಟರಿದ್ದ ಗಾಜಿನ ಕೋಣೆಗೆ ಬಂದು, ಸುತ್ತಿನ ಸಾಲುಗಳನ್ನಷ್ಟೇ ನಕಲು ಮಾಡಿ ಅವುಗಳ ಕೆಳಗೇ ಅಂಟಿಸಿದರು. ಮೊದಲ ಸುತ್ತಿಗೆ ಅರ್ಧ ಆಳ, ಎರಡನೆಯದಕ್ಕೆ ಪೂರ್ತಿ. ನನ್ನ ಕೈಯಿಂದ ಹೊಸ ಹಾಳೆ ತೆಗೆದುಕೊಂಡರು.

"ಮತ್ತ ಪೇಪರ್ ಸುತ್ತತೀರೇನ್ರಿ?" ಗಿರಣಿಯವರು ಎದ್ದು ನಿಂತರು. "ಹಂಗಾರ ನಾ ಊರಿಗಿ ಹೋಗಿ ಉಂಡು ಮಲಕೊಂಡು ಬರ್ತೀನಿ."

ವರ್ಕ್‌ಶಾಪಿನ ಮಾಲಕರು ಬಾಗಿಲಲ್ಲಿ ನಿಂತು ವೈನಿಗೆ ಹೇಳಿದರು, "ಬಾಯಾರ, ಗೆರಿ ಅದೇ ಅಲ್ರಿ. ಒಮ್ಮಿ ನೋಡೀರಲ್ಲ. ಬಿಡ್ರಿ ಜಲ್ದಿ."

ವೈನಿ ಹಾಳೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಯಂತ್ರ ಶುರುವಾಯಿತು.

ಇನ್ನೊಂದು ಮಾತು. ಆ ಯಂತ್ರದ ಬಾಗಿಲು ತೆರೆದರೆ ಎಲ್ಲವೂ ತಾನಾಗಿ ನಿಲ್ಲಬೇಕು, ಅದಕ್ಕೊಂದು ಸ್ವಿಚ್ ಇದೆ. ಕೆಲಸ ತಡವಾಗುತ್ತದೆಂದು ಆ ಸ್ವಿಚ್ಚಿಗೆ ವೈರ್ ಕಟ್ಟಿ, ಬಾಗಿಲು ಸದಾ ಮುಚ್ಚಿದೆ ಎಂದು ಯಂತ್ರ ನಂಬುವಂತೆ ಮಾಡಿದ್ದರು. ಕಟ್ಟಿದವನು ಅಣ್ಣನೇ. ವೈನಿ ತೆಗೆಯಿರಿ ಎಂದಾಗಲೆಲ್ಲ "ತೆಗೀತೀನಿ ತಗೋ" ಎನ್ನುತ್ತಿದ್ದ.

ಅಣ್ಣ ಬಾಗಿಲು ಸರಿಸಿ, ಟೂಲಿನ ಸುತ್ತ ಸುರುಳಿಯಾಗಿ ಕೂಡುತ್ತಿದ್ದ ಉಕ್ಕಿನ ಚೂರುಗಳನ್ನು ಬ್ರಶ್ಶಿನಿಂದ ಸರಿಸುತ್ತಿದ್ದ. ತಲೆ ಅರ್ಧ ಒಳಗಿತ್ತು. ಗಾಜಿನ ಈಚೆ ವೈನಿ ನೀರಿನ ಬಾಟಲಿಯ ಸುತ್ತ ಬೆರಳು ಎಳೆಯುತ್ತಿದ್ದರು, ಅದು ಅವರ ರೂಢಿ. ಪರದೆಯ ಮೇಲಿನ ಸಾಲುಗಳನ್ನು ಓದುತ್ತ, ಯಂತ್ರಕ್ಕಿಂತ ಮುಂದೆ ಮುಂದೆ ಬೆರಳು ಹೋಗುತ್ತಿತ್ತು. ಸುತ್ತು ಮುಗಿಯುವ ಜಾಗಕ್ಕೆ ಬಂದು ಬೆರಳು ನಿಂತಿತು. ಎತ್ತಲಿಲ್ಲ. ಎತ್ತು ಎನ್ನುವ ಸಾಲು ಅಲ್ಲಿರಲಿಲ್ಲ. ಮೊದಲ ಸುತ್ತಿನ ಕೆಳಗೇ ಎರಡನೆಯದರ ಮೊದಲ ಸಾಲಿತ್ತು: ಸೊನ್ನೆಗೆ ಹೋಗು.

"ರೀ!" ಎಂದು ಕೂಗಿದರು. ಯಂತ್ರದ ಸದ್ದಿನಲ್ಲಿ ಆ ಕೂಗು ಕೋಣೆಯನ್ನೇ ದಾಟಲಿಲ್ಲ. ಕುರ್ಚಿ ಬಿತ್ತು. ಅವರು ಓಡಿದರು, ಒಂದು ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು. ನಾನು ಇದ್ದಲ್ಲೇ ನಿಂತಿದ್ದೆ. ನನಗೆ ಕಂಡದ್ದು ಅಣ್ಣನ ಕಿವಿ, ಕುತ್ತಿಗೆ, ಅವನ ಮುಖದ ಹತ್ತಿರ ತಿರುಗುತ್ತಿದ್ದ ಟೂಲ್. ವೈನಿ ಕೆಂಪು ಗುಂಡಿಯನ್ನು ಅಂಗೈಯಿಂದ ಹೊಡೆದರು.

ಎಲ್ಲ ನಿಂತಿತು.

"ಏನಾತ? ಬಂಗಾರದಂಥಾ ಪೀಸ್ ಹಾಳ ಮಾಡ್ತೀಯೇನು?" ಅಣ್ಣ ರೇಗಿದ. ಟೂಲ್ ಇನ್ನೂ ಜಾಡಿನಲ್ಲೇ ಇತ್ತು, ಸುತ್ತು ಮುಗಿಯಲು ನಾಲ್ಕು ಬೆರಳಗಲ ಬಾಕಿ. ವೈನಿ ಆ ನಾಲ್ಕು ಬೆರಳಗಲವನ್ನು ತೋರಿಸಿ, ಅಲ್ಲಿಂದ ಕೈಯನ್ನು ರಭಸದಿಂದ ಹಿಂದಕ್ಕೆ ತಿರುಗಿಸಿದರು. ಅಣ್ಣ ಅದನ್ನು ನೋಡಿದ. ತಲೆಯನ್ನು ಹೊರಗೆ ತೆಗೆದುಕೊಂಡ. ಅಷ್ಟು ನಿಧಾನವಾಗಿ ಅವನು ಏನನ್ನಾದರೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ಏನೂ ಆಗಿಲ್ಲಲ್ಲ ಬಾಯಾರ," ಮಾಲಕರೆಂದರು. "ಸಾಲ್ ತಿದ್ರಿ, ಚಾಲೂ ಮಾಡೋಣು."

"ತಿದ್ದತೀನ್ರಿ. ಮೊದ್ಲ ಆ ವೈರ್ ತೆಗೀಬೇಕು. ಅದಿದ್ರ ನಾ ಬರಿಯಂಗಿಲ್ಲ."

"ವೈರ್ ನಿಮ್ಮ ಯಜಮಾನ್ರ ಕಟ್ಯಾರ."

"ಯಾರರ ಕಟ್ಟಿರ್ಲಿ."

ಗಿರಣಿಯವರು ನಡುವೆ ಬಂದರು. "ಯವ್ವಾ, ನನ್ನ ಗಿರಣಿ ನಿಂತದ."

"ನಿಮ್ಮ ಗಿರಣಿ ನಾಳಿ ನಡೀತದ್ರಿ. ಇವರ ಕಣ್ಣು ಮಾರಿ ಹೋದ್ರ ನಾ ಎಲ್ಲಿಂದ ಮಾಡಿಸಿ ತರ್ಲಿ?"

ಅಣ್ಣ ಯಾರ ಮುಖವನ್ನೂ ನೋಡದೆ ಕಟಿಂಗ್ ಪ್ಲೇಯರ್ ತಂದು ವೈರ್ ಕತ್ತರಿಸಿದ. ವೈನಿ ಹಿತ್ತಿಲಿಗೆ ಹೋಗಿ ಮುಖ ತೊಳೆದು ಬಂದು, ಎತ್ತುವ ಸಾಲು ಸೇರಿಸಿ, ಎರಡೂ ಸುತ್ತಿಗೆ ಕಾಗದ ಸುತ್ತಿದರು. ಗಿರಣಿಯವರು ಡಬ್ಬವೊಂದನ್ನು ಬೋರಲು ಹಾಕಿ ಕೂತು, ನಾನು ತಂದ ಕಟ್ಟಿನಿಂದ ಹಳೆಯ ಸುದ್ದಿ ಓದಿದರು.

ಆ ಸಂಜೆ ವೈನಿ ಹೇಳಿದರು, "ಇದನ್ನ ಪೇಪರಿನ್ಯಾಗ ಬರಿ."

"ಏನೂ ಆಗಿಲ್ಲಲ್ರಿ ವೈನಿ. ಆಗದ್ದು ಸುದ್ದಿ ಅಲ್ಲ."

"ಹಂಗಾರ ಆಗೂತನಕಾ ಕಾಯ್ತೀ?"

ವರದಿಗಾರನಾಗಿ ನಾನು ಹೇಳಿದ್ದು ಸರಿ. ಅವರ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ.

ಆಮೇಲೂ ಅವರ ಅಂಜಿಕೆ ಕಡಿಮೆಯಾಗಲಿಲ್ಲ. ಇನ್ನಷ್ಟು ನಿಖರವಾಯಿತು, ಅಷ್ಟೆ. ಅಣ್ಣ ಮೊದಲ ಪೀಸ್ ಇಳಿಸುವವರೆಗೆ ಅವರು ಚಹಾ ಮುಟ್ಟುತ್ತಿರಲಿಲ್ಲ. ಹೋದ ಮಳೆಗಾಲ ಅವರಿಗೆ ಡೆಂಗಿ ಬಂತು. ಕಲಬುರಗಿಯ ಆಸ್ಪತ್ರೆಯಲ್ಲಿ, ಮಾತು ಇನ್ನೂ ಸ್ಪಷ್ಟವಿದ್ದಾಗ, ಅಣ್ಣನಿಗೆ ಹೇಳಿದರು: "ನಾ ಬರೂತನಕಾ ಬ್ಯಾರೆ ಯಾರ ಪ್ರೋಗ್ರಾಮೂ ಓಡಸಬ್ಯಾಡ್ರಿ." ಅವರು ಬರಲಿಲ್ಲ.

ಅಣ್ಣ ಎಷ್ಟು ದಿನ ಮನೆಯಲ್ಲಿ ಕೂರಬಲ್ಲ? ಈಗ ಪ್ರೋಗ್ರಾಮ್ ದೂರದ ಊರಿನಿಂದ ಮೇಲ್‌ನಲ್ಲಿ ಬರುತ್ತದೆ. ಬರೆದವರು ಯಾರೆಂದು ಅವನಿಗೆ ಗೊತ್ತಿಲ್ಲ, ಅವರೂ ಅವನ ಮುಖ ನೋಡಿಲ್ಲ. ಮೊನ್ನೆ ಹೊಸ ಉರುಳೆಯ ಕೆಲಸ ಶುರು ಎಂದು ಕೇಳಿ ಫೋನ್ ಮಾಡಿದೆ. ಹಿಂದೆ ಯಂತ್ರದ ಸದ್ದಿರಲಿಲ್ಲ. ಕೆಲಸ ಯಾಕೆ ನಿಂತಿದೆ ಎಂದು ಕೇಳಿದೆ.

"ಮಷಿನ್ ಹಚ್ಚಾಕ ಕೈ ಬರವಲ್ದು," ಎಂದ. "ಅಕಿ ಇದ್ದಾಗ ಅಂಜೂದೆಲ್ಲಾ ಅಕಿನ ಅಂಜತಿದ್ಲು. ನಾ ಆರಾಮ ನಿಂದರತಿದ್ದೆ. ಈಗ ಅದೂ ನಂದ ಕೆಲ್ಸ ಆಗ್ಯದ."